ಬೋರಲು ಹಾಕಿದ ಎಲೆ

ಬಿಸಿಲಿಗೆ ಕಾದ ಫ್ಲೆಕ್ಸಿನ ವಾಸನೆ ಗೊತ್ತಲ್ಲ ನಿಮಗೆ? ಹೊಸ ಚಪ್ಪಲಿಯನ್ನೂ ಸೀಮೆಎಣ್ಣೆ ಡಬ್ಬಿಯನ್ನೂ ಒಂದೇ ಚೀಲದಲ್ಲಿಟ್ಟು ಮರೆತರೆ ಬರುತ್ತದಲ್ಲ, ಹೆಚ್ಚುಕಮ್ಮಿ ಅದು. ತುಮಕೂರಿನ ಅಂತರಸನಹಳ್ಳಿಯಲ್ಲಿ ಫ್ಲೆಕ್ಸ್ ಮುದ್ರಿಸುವ ಒಂದು ಸಣ್ಣ ಘಟಕದಲ್ಲಿ ಅಕ್ಷರ ಜೋಡಿಸುವ ಕೆಲಸ ನನ್ನದು. ದಿನವಿಡೀ ಆ ಗಾಳಿಯನ್ನೇ ಕುಡಿಯುವವಳು. ಹಾಗಿರುವಾಗ ಕಳೆದ ಭಾನುವಾರ ಗುಬ್ಬಿ ದಾಟಿ ನಮ್ಮೂರಿಗೆ ಹೋಗಿ, ಗಂಗಮ್ಮ ದೊಡ್ಡಮ್ಮನ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದರೆ ಅಲ್ಲಿಯೂ ಅದೇ ವಾಸನೆ! ರಜೆಯ ದಿನವೂ ಇದು ನನ್ನ ಬೆನ್ನು ಬಿಡಲಿಲ್ಲವಲ್ಲ ಎಂದು ರೇಗಿತು. ನೋಡಿದರೆ ದೊಡ್ಡಮ್ಮ ಹಳೆಯ ಫ್ಲೆಕ್ಸೊಂದರ ಮೇಲೆ ಒಣಹಾಕಿದ್ದ ರಾಗಿಯನ್ನು ಬಾಚಿ ಮೊರಕ್ಕೆ ತುಂಬುತ್ತಿದ್ದಳು. ಪಕ್ಕದಲ್ಲಿ ಕುಡುಗೋಲು ಇತ್ತು.

"ಬಾ, ನಿನ್ನೇ ಕಾಯ್ತಿದ್ದೆ. ಇದ್ರಾಗೆ 'ಹಾರ್ದಿಕ' ಅನ್ನೋದು ಎಲ್ಲಿಂದ ಸುರುವಾಯ್ತದೆ ತೋರ್ಸು. ಅಲ್ಲಿಗೆ ಕುಯ್ದುಬುಡನ" ಅಂದಳು.

ನಾನು ಜೋಡಿಸುವ ಅಕ್ಷರಗಳ ಆಯುಸ್ಸು ಬಹಳ ಕಮ್ಮಿ ಸ್ವಾಮಿ. ಹುಟ್ಟುಹಬ್ಬದ ಶುಭಾಶಯವೋ ಗೆದ್ದವರಿಗೆ ಅಭಿನಂದನೆಯೋ ಸರ್ಕಲ್ಲಿನಲ್ಲಿ ಒಂದಿಷ್ಟು ದಿನ ನೇತಾಡುತ್ತದೆ. ಆಮೇಲೆ ಯಾರದೋ ಕೊಟ್ಟಿಗೆಗೆ ಮರೆಯಾಗಿ, ಹುಲ್ಲಿನ ಮೆದೆಗೆ ಹೊದಿಕೆಯಾಗಿ ಹೋಗುತ್ತದೆ. ಎಂತೆಂಥ ಮುಖಂಡರ ನಗುಮುಖದ ಮೇಲೆ ಕೊಬ್ಬರಿ ಒಣಗುವುದನ್ನು ಕಂಡಿದ್ದೇನೆ. ಆದರೆ ದೊಡ್ಡಮ್ಮನ ಕೈಯಲ್ಲಿದ್ದ ಈ ಫ್ಲೆಕ್ಸ್ ನನ್ನ ಕಸುಬಿನಲ್ಲೇ ಅತಿ ಹೆಚ್ಚು ನಗೆಪಾಟಲಾದದ್ದು. ರಾಗಿ ಧೂಳು ಒರೆಸಿದರೆ ಈಗಲೂ ಓದಬಹುದು: "ನಮ್ಮೂರಿಗೆ ಆಗಮಿಸುತ್ತಿರುವ ವಿದ್ಯುತ್ ಶಾಖಾ ಸ್ಥಾವರಕ್ಕೆ ಹಾರ್ದಿಕ ಸುಸ್ವಾಗತ."

ಇದರ ಕಥೆ ಹೇಳಬೇಕೆಂದರೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು. ಒಂದು ಬೆಳಿಗ್ಗೆ ನಮ್ಮೂರಿನ ಪಂಚಾಯ್ತಿ ಮೆಂಬರು ರೇಣುಕಪ್ಪ ಫೋನ್ ಮಾಡಿ, ಊರಿಗೆ ಕರೆಂಟಿನ ಶಾಖೆ ಬರುತ್ತಿದೆ, ಪೇಪರಿನಲ್ಲಿ ಬಂದಿದೆ, ಜೋರಾಗಿರೋ ಒಂದು ಫ್ಲೆಕ್ಸ್ ಮಾಡು ಅಂದ. ನಮ್ಮೂರಿನಲ್ಲಿ ಶಾಖೆ ಅಂದರೆ ಒಂದೇ ಅರ್ಥ: ಟ್ರಾನ್ಸ್‌ಫಾರ್ಮರ್ ಸುಟ್ಟಾಗ ದೂರು ಕೊಡಲು ಗುಬ್ಬಿಯವರೆಗೂ ಹೋಗಬೇಕಾದ ವಿದ್ಯುತ್ ಶಾಖಾ ಕಚೇರಿ. ಮೋಟರು ನಿಂತು ತೆಂಗಿನ ಸಸಿ ಬಾಡುವಾಗ ಬಸ್ಸಿಗೆ ಕಾದು ನಿಂತವರಿಗೇ ಆ ಸಂಕಟ ಗೊತ್ತು. ಆ ಶಾಖೆ ಈಗ ಊರ ಬಾಗಿಲಿಗೇ ಬರುತ್ತದೆಂದರೆ ಯಾರಿಗೆ ಬೇಡ?

ಪೇಪರಿನಲ್ಲಿ ಇದ್ದದ್ದು "ಶಾಖೋತ್ಪನ್ನ ವಿದ್ಯುತ್ ಸ್ಥಾವರ." ರೇಣುಕಪ್ಪ ಆ ತಲೆಬರಹವನ್ನಷ್ಟೇ ಫೋನಿನಲ್ಲಿ ಓದಿ ಹೇಳಿದ. ನಾನೋ ಕನ್ನಡ ಮೀಡಿಯಂ, ಹತ್ತನೇ ಕ್ಲಾಸಿನಲ್ಲಿ ವ್ಯಾಕರಣಕ್ಕೆ ಬೆನ್ನು ತಟ್ಟಿಸಿಕೊಂಡವಳು. ಶಾಖಾ ಪ್ಲಸ್ ಉತ್ಪನ್ನ, ಶಾಖೋತ್ಪನ್ನ, ಗುಣಸಂಧಿ ಎಂದು ಬಿಡಿಸಿಯೂ ಬಿಟ್ಟೆ. ಶಾಖ ಪ್ಲಸ್ ಉತ್ಪನ್ನ ಅಂದರೂ ಅದೇ ಗುಣಸಂಧಿಯಾಗುತ್ತದೆ, ಶಾಖ ಅಂದರೆ ಬಿಸಿ, ಬೆಂಕಿ ಅನ್ನುವುದು ಆ ಹೊತ್ತಿಗೆ ತಲೆಗೆ ಹೋಗಲೇ ಇಲ್ಲ. ಹಳ್ಳಿಯವನಿಗೆ ಅರ್ಥವಾಗಲಿ ಎಂದು "ಉತ್ಪನ್ನ"ವನ್ನು ಕಿತ್ತುಹಾಕಿ "ಶಾಖಾ ಸ್ಥಾವರ" ಎಂದು ದೀರ್ಘ ಎಳೆದು, ಎರಡೂ ಕಡೆ ಮಾವಿನ ತೋರಣದ ಚಿತ್ರ ಬೇರೆ ಹಾಕಿಕೊಟ್ಟೆ. ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿ, ಕಾಯಿ ಒಡೆದು, ಲಾಡು ಹಂಚಿದರಂತೆ.

ಹೀಗೆ ಕಲ್ಲಿದ್ದಲು ಸುಡುವ ಕಾರ್ಖಾನೆಯನ್ನು ಲಾಡು ಹಂಚಿ ಕರೆದ ಊರು ಭೂಮಂಡಲದಲ್ಲೇ ನಮ್ಮದೊಂದೇ ಇರಬೇಕು.

ಬಣ್ಣ ಬಯಲಾದದ್ದು ಅಳತೆಯವರು ಬಂದಾಗ. ಅವರು ಕಾಲುವೆಯಿಂದ ಗೋಮಾಳದವರೆಗೂ ಕೆಂಪು ಗೂಟ ನೆಡುತ್ತಲೇ ಹೋದರು. ಒಂದು ಆಫೀಸು, ಎರಡು ರೂಮಿಗೆ ಇಷ್ಟು ಜಾಗ ಯಾಕೆ ಎಂದು ರೇಣುಕಪ್ಪ ಕೇಳಿದನಂತೆ. ಅವರು ನಕ್ಷೆ ಬಿಚ್ಚಿ, ಇಲ್ಲಿ ಬಾಯ್ಲರು, ಇಲ್ಲಿ ಚಿಮಣಿ, ಇಗೋ ಕೆರೆಯ ಮೇಲುಗಡೆ ಬೂದಿ ಹೊಂಡ ಎಂದು ತೋರಿಸಿದರಂತೆ. ದೊಡ್ಡಮ್ಮನ ತೆಂಗಿನ ತೋಟ ಕೆರೆಯ ಕೆಳಗೇ ಇದೆ. ದೊಡ್ಡಪ್ಪ ಹೋದ ಮೇಲೆ ಆ ತೋಟವನ್ನು ಒಂದೊಂದೇ ಗುಂಡಿ ತೆಗೆಸಿ, ಒಂದೊಂದೇ ಸಸಿ ಇಟ್ಟು ಮಾಡಿದವಳು ಅವಳು. ಕೆರೆ ಕೆಟ್ಟರೆ ಅವಳ ತೋಟವೂ ಇಲ್ಲ, ಊರೂ ಇಲ್ಲ. ಆವತ್ತು ಸಂಜೆ ಅವಳು ನನಗೆ ಫೋನ್ ಮಾಡಿ, "ಲೈನ್‌ಮನ್ನಿಗೆ ಬೂದಿ ಹೊಂಡ ಯಾಕೆ ಬೇಕು ಕಣೇ?" ಎಂದು ಕೇಳಿದಳು. ನಾನು ಆ ಹಳೆಯ ಪೇಪರು ತರಿಸಿ ಓದಿದೆ. ಓದಿ ಕುರ್ಚಿಯ ಮೇಲೆ ಹಾಗೇ ಕೂತುಬಿಟ್ಟೆ.

ಪೇಪರಿನಲ್ಲಿ ಇದ್ದದ್ದು ಇಷ್ಟು. ಕೂಡಿ ಸರ್ಕಾರ ನಡೆಸುತ್ತಿದ್ದ ಎರಡು ಪಕ್ಷಗಳಿಗೆ ಜಗಳ ಬಿದ್ದಿತ್ತು. ಒಬ್ಬರು ಇನ್ನು ಕಲ್ಲಿದ್ದಲು ಬೇಡ, ಬಿಸಿಲಿನ ಕರೆಂಟೇ ಸಾಕು ಅಂದವರು. ಇನ್ನೊಬ್ಬರು ಕಾರ್ಖಾನೆಗಳು ಬಿಸಿಲಿನಲ್ಲಿ ನಡೆಯುವುದಿಲ್ಲ ಅಂದವರು. ಕಡೆಗೆ ರಾಜಿಯಾಗಿ, ಬಿಸಿಲಿನದೂ ಇರಲಿ, ಹೊಸ ಕಲ್ಲಿದ್ದಲಿನವೂ ಕೆಲವು ಬರಲಿ ಎಂದು ಕೈ ಕುಲುಕಿಕೊಂಡರು. ಫೋಟೋದಲ್ಲಿ ಇಬ್ಬರೂ ನಗುತ್ತಿದ್ದರು.

ಇಲ್ಲಿ ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ನಮ್ಮ ಘಟಕದಲ್ಲಿ ಕರೆಂಟು ಹೋದರೆ ಅರ್ಧ ಮುದ್ರಿಸಿದ ಫ್ಲೆಕ್ಸ್ ಹಾಳು, ಮೆಷಿನ್ನಿನ ಬಾಯಲ್ಲಿ ಇಂಕು ಗಟ್ಟಿ. ಆಗೆಲ್ಲ ಓನರ್ ತಲೆ ಮೇಲೆ ಕೈ ಹೊತ್ತು, ಕಲ್ಲಿದ್ದಲೋ ಕಗ್ಗಲ್ಲೋ ಏನಾದರೂ ಸುಡಲಪ್ಪ, ಕರೆಂಟು ಬರಲಿ ಅನ್ನುತ್ತಾನೆ. ಅಂತರಸನಹಳ್ಳಿಯಲ್ಲಿ ಕೂತು ಆ ಮಾತನ್ನು ತಪ್ಪು ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಊರಿಗೆ ಹೋಗಿ ಕೆರೆ ಏರಿಯ ಮೇಲೆ ನಿಂತರೆ ಸರಿ ಅನ್ನಲೂ ಬರುತ್ತಿರಲಿಲ್ಲ. ತುಮಕೂರಿನ ಸತ್ಯಮಂಗಲದ ನನ್ನ ಮನೆಯಿಂದ ಊರಿಗೆ ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ನನ್ನ ಅಭಿಪ್ರಾಯ ದಾರಿಯಲ್ಲೇ ಬದಲಾಗುತ್ತಿತ್ತು.

ದೊಡ್ಡಮ್ಮನಿಗೆ ಆ ತೊಂದರೆ ಇರಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಕಲ್ಲಿದ್ದಲಿಗಿಂತ "ರಾಜಿ" ಅನ್ನುವ ಮಾತಿಗೆ. ನಮ್ಮೂರಿನಲ್ಲಿ ರಾಜಿಗೆ ಒಂದು ಕ್ರಮ ಇದೆ. ಬದುವಿನ ಜಗಳವೋ ಅಣ್ಣತಮ್ಮಂದಿರ ಹಿಸ್ಸೆಯೋ, ಅರಳಿಕಟ್ಟೆಯ ಮೇಲೆ ಎಲ್ಲರೂ ಕೂರುತ್ತಾರೆ. ನಡುವೆ ಎಲೆಅಡಿಕೆ ತಟ್ಟೆ. ಮಾತು ಮುಗಿದ ಮೇಲೆ ತಟ್ಟೆ ಎರಡೂ ಕಡೆಗೆ ಹೋಗುತ್ತದೆ. ಒಪ್ಪಿದವರು ವೀಳ್ಯದೆಲೆ ತೆಗೆದುಕೊಳ್ಳುತ್ತಾರೆ. ಒಪ್ಪದವರು ಎಲೆಯನ್ನು ತಟ್ಟೆಯಲ್ಲೇ ಬೋರಲು ಹಾಕುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ, ಇನ್ನೊಮ್ಮೆ ಕೂರೋಣ ಅಂತ ಅಷ್ಟೇ. ಒಂದು ಕಡೆಯವರು ಬಾರದಿದ್ದರೆ ತಟ್ಟೆ ಹೊರಕ್ಕೆ ಬರುವುದೇ ಇಲ್ಲ. ಹೆಂಗಸರು ಮಾತ್ರ ಕಟ್ಟೆಯ ಮೇಲೆ ಕೂತು ಆ ತಟ್ಟೆಯನ್ನು ಮುಟ್ಟಿದ್ದಿಲ್ಲ. ಎಲೆ ತೊಳೆದು, ಜೋಡಿಸಿ, ಕಳಿಸುವುದಷ್ಟೇ ಅವರ ಕೆಲಸ. ದೊಡ್ಡಮ್ಮ ಎಷ್ಟು ರಾಜಿಗಳಿಗೆ ಎಲೆ ತೊಳೆದಿದ್ದಳೋ!

ಗುಬ್ಬಿಯ ಕಲ್ಯಾಣ ಮಂಟಪವೊಂದರಲ್ಲಿ ಅಹವಾಲು ಸಭೆ ಇಟ್ಟರು. ಅಬ್ಬಾ, ಆ ದಿನವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಟ್ರಾಕ್ಟರಿನ ಮೇಲೆ ಟ್ರಾಕ್ಟರು, ತಮಟೆ, ಹೆಂಗಸರ ತಲೆಯ ಮೇಲೆ ಕೆರೆಯ ನೀರಿನ ಬಿಂದಿಗೆ. ಹೊಸ ಫ್ಲೆಕ್ಸಿಗೆ ಪುರುಸೊತ್ತಿಲ್ಲದೆ ರೇಣುಕಪ್ಪ ನನ್ನ ಹಳೆಯ ಫ್ಲೆಕ್ಸಿನ ಬೆನ್ನಿಗೇ ಟಾರಿನಲ್ಲಿ "ಕಲ್ಲಿದ್ದಲು ಬೇಡ" ಎಂದು ಬರೆಸಿದ್ದ. ಮಂಟಪದ ಎದುರು ಗಾಳಿ ಬೀಸಿದಾಗಲೆಲ್ಲ ಅದು ಮಗುಚಿಕೊಂಡು "ಹಾರ್ದಿಕ ಸುಸ್ವಾಗತ" ಅನ್ನುತ್ತಿತ್ತು. ಪೊಲೀಸರೂ ನಕ್ಕರು. ನಾನು ಓನರಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೋದವಳು. ಯಾವ ಕಡೆ ಎಂದು ತೋಚದೆ ಹಿಂದಿನ ಕಂಬದ ಮರೆಯಲ್ಲಿ ನಿಂತಿದ್ದೆ.

ಸಭೆಯಲ್ಲಿ ಗದ್ದಲವೆದ್ದು ಯಾರ ಮಾತೂ ಯಾರಿಗೂ ಕೇಳದಂತಾಯಿತು. ಮಧ್ಯಾಹ್ನ ಎರಡೂ ಪಕ್ಷದ ಮುಖಂಡರು ಊರಿನವರನ್ನು ಊಟದ ಹಾಲಿಗೆ ಕರೆದು ಕೂರಿಸಿ ಹೊಸದೊಂದು ರಾಜಿ ಮುಂದಿಟ್ಟರು. ನಿಮ್ಮ ಕೆರೆಯ ತಂಟೆಗೆ ಬರುವುದಿಲ್ಲ, ಸ್ಥಾವರವನ್ನು ಕುಣಿಗಲ್ ಕಡೆಗೆ ಸಾಗಿಸುತ್ತೇವೆ ಅಂದರು. ಹಾಲಿಗೆ ಹಾಲೇ ಚಪ್ಪಾಳೆ. ರೇಣುಕಪ್ಪ ಪಕ್ಕದವನನ್ನು ತಬ್ಬಿಕೊಂಡ. ಅಲ್ಲಿಯೂ ಒಂದು ಕಂಬದ ಮರೆ ಹಿಡಿದಿದ್ದ ನಾನೂ ಉಸಿರುಬಿಟ್ಟೆ. ಊರ ಕ್ರಮ ತಿಳಿದ ಮುಖಂಡರೊಬ್ಬರು ಎಲೆಅಡಿಕೆ ತಟ್ಟೆ ತರಿಸಿ, ಬೂದಿ ಹೊಂಡದ ಕೆಳಗಿನ ತೋಟದವಳು ಎಂದು ಮೊದಲು ದೊಡ್ಡಮ್ಮನ ಎದುರೇ ಹಿಡಿದರು. ಫೋನುಗಳೆಲ್ಲ ಮೇಲೆದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ಕುಣಿಗಲ್ ಹೆಸರೆತ್ತಿದರೆ ಉರಿದುಬೀಳುವವಳು ನಮ್ಮ ದೊಡ್ಡಮ್ಮ. ಮಗಳು ಲತಾಳನ್ನು ಕುಣಿಗಲ್ ಪಕ್ಕದ ಹಳ್ಳಿಯವರಿಗೆ ಕೊಟ್ಟಿದ್ದಳು. ಮಗಳು ಅಳಿಯ ತುಮಕೂರಿನಲ್ಲೇ ಸುಖವಾಗಿದ್ದಾರೆ, ಅದು ಬೇರೆ. ಆದರೆ ಆ ಕಡೆಯವರು ಮಾಡಿದ ಬೀಗರೂಟದಲ್ಲಿ ನಮ್ಮವರ ಪಂಕ್ತಿಗೆ ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ಬರೀ ಸಾರು, ಮಾಂಸದ ತುಂಡು ಖಾಲಿ. ಬೀಗಿತ್ತಿ ಜಯಮ್ಮ ಬೇಕೆಂದೇ ಹಾಗೆ ಮಾಡಿಸಿದಳು ಎಂದು ದೊಡ್ಡಮ್ಮನ ಗಟ್ಟಿ ನಂಬಿಕೆ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಅದಕ್ಕೇ ಅವಳು ಎಲೆಗೆ ಕೈಚಾಚಿದಾಗ ನನಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಕುಣಿಗಲ್ ಕಡೆಯೋರು ಯಾರು ಬಂದವ್ರೆ ಇಲ್ಲಿ?" ಎಂದು ಕೇಳಿದಳು.

ಅವರದ್ದು ಬೇರೆ ಸಭೆ ಮಾಡುತ್ತೇವಮ್ಮ ಎಂದು ಮುಖಂಡರು ಸಮಾಧಾನವಾಗಿ ಹೇಳಿದರು.

"ಅವ್ರ ಕೆರೆ ಎತ್ತಿ ಕೊಡಕೆ ನಾನ್ಯಾರಪ್ಪ? ಕಳ್ಕಳೋರು ಎದ್ರಿಗೆ ಕೂತಿಲ್ದಿದ್ರೆ ಅದು ರಾಜಿ ಅಲ್ಲ. ನಮ್ಗೂ ಇಂಗೇ ತಾನೆ ಮಾಡಿದ್ದು ನೀವು?"

ಹಾಗಂದು ಎಲೆಯನ್ನು ತಟ್ಟೆಯಲ್ಲಿ ಬೋರಲು ಹಾಕಿದಳು. ಹಾಕುವಾಗಲೂ ಎಲೆಯ ತೊಟ್ಟನ್ನು ನೇರ ಮಾಡಿಯೇ ಬಿಟ್ಟಳು, ತೊಳೆದು ಜೋಡಿಸುತ್ತಿದ್ದ ಅಭ್ಯಾಸ ನೋಡಿ. ಆಮೇಲೆ ಹಿಂದಿನ ಸಾಲಿನಲ್ಲಿ ಬಿಂದಿಗೆ ಹಿಡಿದಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದು ಬಂದು ತಮ್ಮ ತಮ್ಮ ಎಲೆ ಬೋರಲು ಹಾಕಿದರು. ಓಡಿಹೋಗಿ ನಾನೂ ಒಂದು ಎಲೆ ಹಾಕಬೇಕು ಅನ್ನಿಸಿತು. ಕಂಬ ಬಿಟ್ಟು ಕದಲಲಿಲ್ಲ.

ಊರಿನಲ್ಲಿ ಅವಳಿಗೆ ಹೂವಿನ ಹಾರವೇನೂ ಸಿಗಲಿಲ್ಲ. ಬಾಯಿಗೆ ಬಂದ ತುತ್ತನ್ನು ಒದ್ದಳು ಎಂದು ರೇಣುಕಪ್ಪ ಮಾತು ಬಿಟ್ಟ. ಅವಳ ತೋಟದ ಕಾಯಿ ಕೀಳಲು ಆಳುಗಳು ಬರಲಿಲ್ಲ. ನಾಳೆ ಬೂದಿ ಬಂದು ಬಿದ್ದರೆ ಮೊದಲು ನಿನ್ನ ತಲೆಯ ಮೇಲೇ ಬೀಳಲಿ ಅಂದವರೂ ಇದ್ದರು. ತಪ್ಪು ಮಾಡಿದೆನೇನೆ ಎಂದು ಅವಳೂ ಒಮ್ಮೆ ನನ್ನ ಹತ್ತಿರ ಕೇಳಿದಳು.

ಹೀಗೆಯೇ ಮಳೆಗಾಲ ಕಳೆಯಿತು. ಒಂದು ದಿನ ನಾನು ಅವಳ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಅವಳಿಗೊಂದು ಫೋನ್ ಬಂತು. ಕೈ ಒದ್ದೆಯಿದ್ದದ್ದರಿಂದ ಸ್ಪೀಕರಿಗೆ ಹಾಕು ಅಂದಳು. ಜಯಮ್ಮ! ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಎಂದಿಲ್ಲ.

"ನಮ್ಗೂ ತಟ್ಟೆ ತಂದಿದ್ರು ಕಣಮ್ಮ. ನೀವು ಗಲಾಟೆ ಮಾಡ್ಬೇಡಿ, ಗುಬ್ಬಿಗೇ ವಾಪಸ್ ಕಳುಸ್ತೀವಿ ಅಂದ್ರು. ನಿಂದು ಫೋನಲ್ಲಿ ನೋಡಿದ್ನಲ್ಲ, ನಾನೂ ಬೋರಲಾಕ್ದೆ."

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ "ಬೀಗರೂಟದ ವಿಷ್ಯ ನಾನು ಮರ್ತಿಲ್ಲ" ಅಂದಳು.

"ಗೊತ್ತು ಬುಡು" ಅಂದಳು ಜಯಮ್ಮ.

ಎರಡು ಕಡೆಯೂ ಎಲೆ ಬೋರಲಾದ ಮೇಲೆ ಮುಖಂಡರಿಗೆ ಸಾಗಿಸಲು ಜಾಗ ಉಳಿಯಲಿಲ್ಲ. ಯೋಜನೆಯನ್ನು ಮರುಪರಿಶೀಲಿಸುತ್ತೇವೆ ಎಂದು ಪೇಪರಿನಲ್ಲಿ ಒಂದು ಸಣ್ಣ ಸುದ್ದಿ ಬಂತು. ಈ ಸಲ ನಾನು ಪ್ರತಿ ಸಂಧಿಯನ್ನೂ ಬಿಡಿಸಿ ಓದಿದೆ. ಬಿಟ್ಟಿದ್ದೇವೆ ಎಂದು ಎಲ್ಲಿಯೂ ಇರಲಿಲ್ಲ, ಬಿಡುವುದಿಲ್ಲ ಎಂದೂ ಇರಲಿಲ್ಲ. ಗೂಟಗಳು ಮಾತ್ರ ಹಾಗೇ ಇವೆ. ಒಂದಕ್ಕೆ ದೊಡ್ಡಮ್ಮ ಎಮ್ಮೆ ಕಟ್ಟುತ್ತಾಳೆ.

ಕಳೆದ ಭಾನುವಾರ "ಹಾರ್ದಿಕ" ಎಲ್ಲಿಂದ ಶುರು ಎಂದು ನಾನು ಬೆರಳಿಟ್ಟು ತೋರಿಸಿದೆ. ದೊಡ್ಡಮ್ಮ ಕುಡುಗೋಲಿನಿಂದ ಪರ್ರನೆ ಕುಯ್ದಳು. ಶಾಖೆ, ಸ್ಥಾವರ ಎಲ್ಲ ಒಂದು ಪಕ್ಕಕ್ಕೆ ಬಿತ್ತು. ಉಳಿದ ಸುಸ್ವಾಗತವನ್ನು ರೇಣುಕಪ್ಪನೇ ಬಂದು ಬಾಗಿಲಿಗೆ ಕಟ್ಟಿಕೊಟ್ಟ. ಮಾತು ಇನ್ನೂ ಪೂರ್ತಿ ಬಂದಿರಲಿಲ್ಲ, ಕೈ ಬಂದಿತ್ತು. ಮಧ್ಯಾಹ್ನಕ್ಕೆ, ದೊಡ್ಡಮ್ಮ ಊಟಕ್ಕೆ ಕರೆದಿದ್ದ ಬೀಗರ ಕಡೆಯವರ ಟೆಂಪೋ ಕುಣಿಗಲ್ಲಿನಿಂದ ಬಂದು ನಿಂತಿತು. ಜಯಮ್ಮ ಇಳಿದು, ಕನ್ನಡಕ ಏರಿಸಿ ಓದಿ, ಅಷ್ಟುದ್ದದ ತೋರಣದ ಚಿತ್ರ ನೋಡಿ ನಕ್ಕಳು. ಅವಳನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿ ದೊಡ್ಡಮ್ಮ ತಾನೇ ಬಡಿಸಿದಳು. ತುಂಡಿನ ಮೇಲೆ ತುಂಡು. ಸಾಕು ಅಂದರೂ ಬಿಡಲಿಲ್ಲ. ಮುದ್ದೆಗೆ ಒಂದು ಸೌಟು ಸಾರಾದರೂ ಹಾಕು ಎಂದು ಜಯಮ್ಮ ಕೇಳಿದಳು.

"ಸಾರು ಖಾಲಿ ಕಣಮ್ಮ, ಬರೀ ತುಂಡೇ ಇರೋದು" ಅಂದಳು ದೊಡ್ಡಮ್ಮ. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು.

ಊಟವಾದ ಮೇಲೆ ಎಲೆಅಡಿಕೆ ತಟ್ಟೆ ಬಂತು. ಇಬ್ಬರೂ ಒಂದೊಂದು ಎಲೆ ತೆಗೆದುಕೊಂಡರು. ಇನ್ನೊಂದು ಸಭೆ ಕರೆದರೆ ಎರಡೂರಿನವರೂ ಒಟ್ಟಿಗೇ ಹೋಗುವುದು ಎಂದು ಅಲ್ಲೇ ಮಾತಾಯಿತು. ನಾನು ಅಭ್ಯಾಸಬಲದಿಂದ ಗೋಡೆಗೆ ಒರಗಿ ಹಿಂದೆ ಕೂತಿದ್ದೆ. ದೊಡ್ಡಮ್ಮ ತಟ್ಟೆ ಹಿಡಿದು ನನ್ನ ಹತ್ತಿರವೇ ಬಂದು ನಿಂತಳು.

"ಆವತ್ತು ಕಂಬದ ಹಿಂದೆ ನಿಂತಿದ್ದೆ, ನೋಡಿದ್ದೀನಿ" ಅಂದಳು. "ಮುಂದ್ಲ ಸಭೆಗೆ ಎಲ್ಲಿ ನಿಲ್ತೀಯ?"

ಸೋಮವಾರದ ಓನರನ್ನು ನೆನೆದುಕೊಂಡೆ, ಗಟ್ಟಿಯಾಗುವ ಇಂಕನ್ನೂ ನೆನೆದುಕೊಂಡೆ. ತೊಳೆದ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲೆ ತೆಗೆದುಕೊಂಡು, ನಿನ್ನ ಪಕ್ಕದಲ್ಲೇ ಅಂದೆ.