ಫೋಟೋದಲ್ಲಿದ್ದ ಗೆಜ್ಜೆಸರ

ನವಲಿಯ ಗಾಳೇಶನ ಮನೆಯಲ್ಲಿ ಹೊಸದು ಅಂತ ಇದ್ದದ್ದು ಹೆಂಡತಿ ಅಮರಮ್ಮನ ಬೈಗುಳ ಮಾತ್ರ. ಅದು ದಿನವೂ ಹೊಸದು. ಉಳಿದ ನೇಗಿಲು, ಪಂಪು, ಔಷಧಿ ಹೊಡೆಯುವ ಮಷಿನು ಎಲ್ಲ ಮೊಬೈಲಿನಲ್ಲಿ ಜಾಹೀರಾತು ನೋಡಿ ಕೊಂಡ ಹಳೆಯವು. ಟ್ರ್ಯಾಕ್ಟರ್ ನೋಡಲು ಹೋದರಂತೂ ಬಾಯಿ ತೆರೆಯುವ ಮೊದಲು ಎಂಜಿನ್ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ, ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯನ್ನು ಮಾರುವವನು ಮೊದಲೇ ಓಡಿಸಿಟ್ಟಿದ್ದಾನೆ ಎಂದರ್ಥ. ಚಹಾ ಕೂಡ ಕುಡಿಯದೆ ವಾಪಸು ಬರುತ್ತಿದ್ದ.

ಈ ಸಲ ಕಾಲುವೆಗೆ ನೀರು ಬಿಟ್ಟಾಗಲೇ ಅವನ ಟ್ರ್ಯಾಕ್ಟರ್ ಕೈಕೊಟ್ಟಿತು. ಮಡಿಯಲ್ಲಿ ಭತ್ತದ ಸಸಿ ಬಲಿಯುತ್ತಿತ್ತು. ಬೇಗ ಗದ್ದೆ ಕೆಸರು ಮಾಡಿ ನಾಟಿ ಹಚ್ಚದಿದ್ದರೆ ಬೆಳೆ ಹೋದಂತೆಯೇ. ಅಷ್ಟರಲ್ಲಿ ಹುಲಿಹೈದರ ಊರಿನ ಹಳೇ ಟ್ರ್ಯಾಕ್ಟರೊಂದರ ಜಾಹೀರಾತು ಫೋಟೋ ಸಮೇತ ಕಂಡಿತು.

ಹೋಗಿ ಅಂಗೈ ಇಟ್ಟ. ಬಂಡೆಯಂತೆ ತಣ್ಣಗಿತ್ತು.

"ನಮ್ಮ ಯಜಮಾನ್ರು ತೀರಿಹ್ವಾದಮ್ಯಾಲೆ ಯಾರೂ ಮುಟ್ಟಿಲ್ಲ, ತಮ್ಮಾ. ಹೊಲಾನೂ ಹಂಗ ಬಿದ್ದೈತಿ," ಎಂದಳು ಮಾರುವ ಹುಲಗಮ್ಮ.

ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು, ವ್ಯಾಪಾರ ಕುದುರಿತು. ಹೊರಡುವಾಗ ಅವಳು ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ್ದ ಗೆಜ್ಜೆಸರಕ್ಕೆ ಕೈಹಾಕಿದಳು. "ಎತ್ತು ಮಾರಿದ್ರೂ ಹಗ್ಗ ಕೊಡಬಾರದು ಅಂತಾರ. ಇದೊಂದು ಇಟಗೊಂತೀನಿ."

ಗಾಳೇಶನಿಗೆ ಈ ಪದ್ಧತಿ ಗೊತ್ತಿರಲಿಲ್ಲವೇ? ತಾನು ಎತ್ತು ಮಾರಿದಾಗ ಹಗ್ಗ ಬಿಚ್ಚಿಕೊಂಡೇ ಬಂದವನು. ಆದರೂ ಹಟ ಹಿಡಿದ.

"ಯಕ್ಕಾ, ಇದೇನ್ ಎತ್ತಲ್ಲ. ಫೋಟೋದಾಗ ಗೆಜ್ಜಿ ಐತಿ. ಫೋಟೋದಾಗ ಇದ್ದದ್ದೆಲ್ಲಾ ನಂದು."

ಹುಲಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಎಂಜಿನ್ ಮುಟ್ಟಿದ. ಬೆಚ್ಚಗಿತ್ತು. ಹಿಂದಿನ ಸಂಜೆ ತುಂಬಿಸಿದ್ದ ಡೀಸೆಲ್ ತಳ ಕಂಡಿತ್ತು. ಮತ್ತೆ ತಂದು ಹಾಕಿದರೆ ಗಾಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಳ್ಳರ ಕೆಲಸವೆಂದು ಗೇಟಿಗೆ ಬೀಗ ಜಡಿದ. ಮಾರನೆಯ ಬೆಳಿಗ್ಗೆ ಬೀಗ ಹಾಕಿದ ಹಾಗೆಯೇ ಇತ್ತು, ಎಂಜಿನ್ ಮತ್ತೆ ಬೆಚ್ಚಗಿತ್ತು. ಟೈರಿಗೆ ಹಸಿ ಕೆಮ್ಮಣ್ಣು ಮೆತ್ತಿತ್ತು. ಗಾಳೇಶನ ಗದ್ದೆಯದು ಕರಿ ಮಣ್ಣು. ಹೆಂಡತಿಯನ್ನು ಕರೆದು ತೋರಿಸಿದ.

ಅಮರಮ್ಮ ಅವತ್ತು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಆ ಗೆಜ್ಜಿ ಕೊಟ್ಟು ಬರ್ರಿ. ಹಗ್ಗದ ಸಮೇತ ಮಾರಿದ ಎತ್ತು ಹಳೇ ಮನಿಗೇ ಹೋಗತೈತಿ," ಎಂದಳು.

ಗಾಳೇಶ ಗೆಜ್ಜೆಸರ ಬಿಚ್ಚಿಕೊಂಡು ಹುಲಿಹೈದರಕ್ಕೆ ಹೋದಾಗ ಹುಲಗಮ್ಮ ತನ್ನ ಹೊಲದ ಬದುವಿನ ಮೇಲೆ ನಿಂತಿದ್ದಳು. ಬೀಳುಬಿದ್ದಿದ್ದ ಕೆಂಪು ಹೊಲ ಹೊಸದಾಗಿ ಉಳುಮೆಯಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಕಳೆ ಹಾಗೆಯೇ ಉಳಿದಿತ್ತು.

"ತಪ್ಪಾತು ಯಕ್ಕಾ. ತಗೋರಿ," ಎಂದು ಗಾಳೇಶ ಗೆಜ್ಜೆಸರ ಚಾಚಿದ.

ಅವಳು ಅದನ್ನೊಮ್ಮೆ ಸವರಿದಳು, ತೆಗೆದುಕೊಳ್ಳಲಿಲ್ಲ. "ಸಾಲು ನೋಡು, ತಮ್ಮಾ. ಬದುವಿನ ಹತ್ರ ಬಂದಕೂಡ್ಲೇ ಸೊಟ್ಟ ಆಗ್ಯಾವ. ನಮ್ಮ ಯಜಮಾನ್ರದು ಯಾವಾಗ್ಲೂ ಹಂಗ. ಎಷ್ಟು ಬೈತಿದ್ದೆ ನಾ..." ಅವಳು ಕಳೆ ಉಳಿದಿದ್ದ ಮೂಲೆಯತ್ತ ಕೈ ಮಾಡಿದಳು. "ಆ ಮೂಲಿ ಒಂದು ಉಳದೈತಿ. ಇವತ್ತೊಂದಿನ ಗೆಜ್ಜಿ ನಿನ್ನ ಕಡೇನ ಇರಲಿ."

ಗಾಳೇಶನಿಗೆ ಬಲಿಯುತ್ತಿರುವ ಸಸಿ ನೆನಪಾಯಿತು. ಆದರೂ ಗೆಜ್ಜೆಸರವನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಹೊರಟ.

ಅವತ್ತು ಹೊತ್ತು ಮುಳುಗುವ ಮೊದಲೇ ಅವನು ಟ್ಯಾಂಕಿನ ತುಂಬ ಡೀಸೆಲ್ ಹಾಕಿದ. ಗೆಜ್ಜೆಸರವನ್ನು ತಾನೇ ಬಿಗಿಯಾಗಿ ಕಟ್ಟಿದ. ಆಮೇಲೆ ಗೇಟಿನ ಬೀಗ ತೆಗೆದಿಟ್ಟು, ಒಳಗೆ ಹೋಗಿ ಕದ ಹಾಕಿಕೊಂಡ.