ಗೆದ್ದಲು ಮುಟ್ಟಿದ ಮುಡಿಪು

ಬಿಳಿಗೆರೆಯ ಮಲ್ಲಾಜಮ್ಮನಿಗೆ ಹೆದರಿಕೊಳ್ಳಲು ಕಾರಣವೇ ಬೇಕಿರಲಿಲ್ಲ. ಡೇರಿಗೆ ಹಾಲು ಹಾಕಿ ಬರುವಾಗ ಕ್ಯಾನಿನ ಮುಚ್ಚಳ ಅಲ್ಲೇ ಬಿಟ್ಟೆನೇನೋ ಎಂದು ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ನೋಡಿದರೆ ಮುಚ್ಚಳ ಕೈಯಲ್ಲೇ ಇರುತ್ತಿತ್ತು. ಗಂಡ ದೊಡ್ಡಸಿದ್ದಯ್ಯ, "ಎದ್ರುಕೊಳ್ಳಾಕೆ ಏನೂ ಸಿಗ್ದಿದ್ರೆ ಅದ್ಕೂ ಎದ್ರುಕೋತೀಯ ಕಣಮ್ಮಿ" ಎಂದು ಗೇಲಿ ಮಾಡುತ್ತಿದ್ದ.

ಮುಡಿಪಿಗೆ ಗೆದ್ದಲು ಹಿಡಿದದ್ದು ಕಂಡ ದಿನ ಮಾತ್ರ ಅವನೂ ನಗಲಿಲ್ಲ.

ಮಗಳು ಅರ್ಪಿತಳ ಕೂಸು ಚೈತ್ರಳ ಹೃದಯದಲ್ಲಿ ತೂತಿದೆ ಎಂದು ಗೊತ್ತಾದ ದಿನವೇ ಮಲ್ಲಾಜಮ್ಮ ಎಮ್ಮೆಯ ಕಡಸು ಮಾರಿದ ಹಣವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ನಂಜುಂಡೇಶ್ವರನಿಗೆ ಮುಡಿಪು ಎಂದು ದೇವರ ಗೂಡಿನಲ್ಲಿ ಇಟ್ಟಿದ್ದಳು. ಮಗು ಪೂರ್ತಿ ಗುಣವಾದ ಮೇಲೆ ಆ ಗಂಟನ್ನು ದೇವರ ಮುಂದೆಯೇ ಬಿಚ್ಚಬೇಕು. ನಡುವೆ ಬಿಚ್ಚಿದರೆ ಹರಕೆ ಕೆಡುತ್ತದೆ ಎಂಬುದು ಅವಳ ನಂಬಿಕೆ. ಅಷ್ಟಕ್ಕೇ ಸುಮ್ಮನಿದ್ದರೆ ಸರಿಹೋಗುತ್ತಿತ್ತು. ಭಕ್ತಿ ಹೆಚ್ಚಾಗಿ, ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಮುಡಿಪಿನ ಮೇಲೂ ತೀರ್ಥ ಚಿಮುಕಿಸುತ್ತ ಬಂದಳು. ಮಣ್ಣಿನ ಗೋಡೆ, ಒದ್ದೆ ಬಟ್ಟೆ. ಗೆದ್ದಲಿಗೆ ಇನ್ನೇನು ಬೇಕು?

ಆಪರೇಷನ್ ಆಗಿ ವರ್ಷವಾಗಿತ್ತು. ಕೊನೆಯ ಪರೀಕ್ಷೆಗೆಂದು ಅರ್ಪಿತ ಅಂದು ಮಗುವನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಒಳ್ಳೆಯ ಸುದ್ದಿ ಬಂದೊಡನೆ ನಂಜನಗೂಡಿನ ಗುಡಿಗೆ ಹೊರಡೋಣ ಎಂದು ಮಲ್ಲಾಜಮ್ಮ ಮುಡಿಪು ಎತ್ತಿಕೊಂಡಳು. ಬಟ್ಟೆಯ ತಳದಿಂದ ಮಣ್ಣೂ ನೋಟಿನ ಚೂರೂ ಅಂಗೈಗೆ ಉದುರಿದವು. ದೇವರು ಹರಕೆಯನ್ನು ಒಲ್ಲೆ ಎಂದುಬಿಟ್ಟನೆ? ಅದೂ ಇವತ್ತೇ?

"ಅರ್ದೋದ ನೋಟ್ನ ಬ್ಯಾಂಕ್‌ನೋರು ಬದ್ಲಾಯಿಸಿ ಕೊಡ್ತಾರೆ. ಫೋನ್ ಬರೋದ್ರೊಳ್ಗೆ ಓಗ್ ಬಾ" ಎಂದು ದೊಡ್ಡಸಿದ್ದಯ್ಯ ಬಸ್ಸು ಹತ್ತಿಸಿದ. ನಂಜನಗೂಡು ಬರುವವರೆಗೂ ಅವಳು ಗಂಟನ್ನು ಎದೆಗವಚಿಕೊಂಡೇ ಕೂತಿದ್ದಳು.

ಬ್ಯಾಂಕಿನ ಕೌಂಟರಿನಲ್ಲಿ ರಂಜನಿ ಎಂಬ ಹುಡುಗಿ ಕೂತಿದ್ದಳು. ಮಲ್ಲಾಜಮ್ಮ ಗಂಟನ್ನು ಹಾಗೇ ಒಳಗೆ ತಳ್ಳಿದಳು.

"ಬಿಚ್ಚಿ ಕೊಡಿ ಅಮ್ಮ. ನೋಟು ಎಷ್ಟೆಷ್ಟು ಉಳಿದಿದೆ ಅಂತ ನೋಡಬೇಕು."

"ನೀನೇ ಬಿಚ್ಕೊಳವ್ವ. ನಾನ್ ಬಿಚ್ಚಂಗಿಲ್ಲ, ಮುಡ್ಪು ಅದು."

"ನಿಮ್ಮ ದುಡ್ಡಿನ ಗಂಟು ನಾನು ಬಿಚ್ಚೋಕಾಗಲ್ಲ. ಆಮೇಲೆ ಕಮ್ಮಿ ಆಯ್ತು ಅಂದ್ರೆ?"

ಸಾಲಿನಲ್ಲಿದ್ದವನೊಬ್ಬ, "ಬೇಗ ಬಿಚ್ಚಿ ಕೊಡಜ್ಜಿ, ನಮ್ಗೂ ಕೆಲ್ಸ ಅದೆ" ಎಂದು ಗೊಣಗಿದ. ಮಲ್ಲಾಜಮ್ಮನಿಗೆ ಕೇಳಿಸಿತು, ತಲೆಗೆ ಹೋಗಲಿಲ್ಲ. ಬಿಚ್ಚದೆ ದೇವರಿಗೆ ಗೆದ್ದಲು ತಿಂದದ್ದನ್ನು ಕೊಡುವುದು ಹೇಗೆ? ಬಿಚ್ಚಿದರೆ, ಅಲ್ಲಿ ಮಂಚದ ಮೇಲೆ ಎದೆಗೆ ವೈರು ಹಚ್ಚಿಸಿಕೊಂಡು ಮಲಗಿರುವ ಕೂಸಿನ ಗತಿ ಏನು? ಕೌಂಟರಿನ ಅಂಚನ್ನು ಭದ್ರವಾಗಿ ಹಿಡಿದುಕೊಂಡಳು.

"ನಂಜುಂಡಪ್ಪ, ತೀರ್ಥ ಆಕಿ ಕೆಡ್ಸಿದ್ದು ನಾನು, ಬಿಚ್ತಾ ಇರೋದೂ ನಾನು" ಎಂದಳು, ಎಲ್ಲರಿಗೂ ಕೇಳುವಂತೆ. "ಏನಾದ್ರೂ ಮಾಡಂಗಿದ್ರೆ ನಂಗೇ ಮಾಡು. ಮಗೀನ್ ತಂಟೆಗ್ ಬರಬ್ಯಾಡ."

ಮಲ್ಲಾಜಮ್ಮ ಗಂಟು ಬಿಚ್ಚಿದಳು.

ರಂಜನಿ ಅಂಟಿಕೊಂಡಿದ್ದ ನೋಟುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅಂಚು ಮಾತ್ರ ಹೋದದ್ದಕ್ಕೆ ಪೂರ್ತಿ, ಇನ್ನಷ್ಟು ಹೋದದ್ದಕ್ಕೆ ಅರ್ಧ, ತೀರಾ ತಿಂದುಹೋದದ್ದಕ್ಕೆ ಏನೂ ಬರುವುದಿಲ್ಲ ಎಂದು ವಿವರಿಸುತ್ತಿದ್ದಳು. ಅಷ್ಟರಲ್ಲಿ ಮಲ್ಲಾಜಮ್ಮನ ಫೋನು ಹೊಡೆದುಕೊಂಡಿತು. ಅವಳು ಅದನ್ನು ದಿಟ್ಟಿಸುತ್ತ ನಿಂತಳೇ ಹೊರತು ಎತ್ತಲಿಲ್ಲ. ಫೋನು ನಿಂತು ಮತ್ತೆ ಹೊಡೆದುಕೊಂಡಾಗ ಎತ್ತಿ ಕಿವಿಗಿಟ್ಟಳು. ಅರ್ಪಿತಳ ದನಿ.

"ಅವ್ವಾ, ಎಲ್ಲಿದ್ದೀಯ? ತೂತು ಪೂರ್ತಿ ಮುಚ್ಕೊಂಡದಂತೆ. ಇನ್ನು ಮಾತ್ರೇನೂ ಬ್ಯಾಡ ಅಂದ್ರು!"

ಮಲ್ಲಾಜಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಏನೋ ಕೆಟ್ಟ ಸುದ್ದಿಯೇ ಇರಬೇಕೆಂದು ರಂಜನಿ ನೀರಿನ ಬಾಟಲಿ ಹಿಡಿದು ಓಡಿ ಬಂದಳು.

"ಏನಾಯ್ತಮ್ಮ?"

"ಮಗು ಉಸಾರಾಯ್ತಂತೆ ಕಣವ್ವ."

"ಮತ್ತೆ ಯಾಕೆ ಅಳ್ತೀರಿ?"

ಮಲ್ಲಾಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ನನ್ ಮಾತು ಅವ್ನಿಗೆ ಕೇಳುಸ್ತು. ಮಗೀನ್ ಬುಟ್ಟ. ಬೇಗ ನೋಟ್ ಕೊಡು ತಾಯಿ, ನಂಗೇನಾದ್ರೂ ಆಗೋದ್ರೊಳ್ಗೆ ಅವ್ನ್ ಹರ್ಕೆ ತೀರಿಸ್ಬುಡ್ತೀನಿ."