ವಾಚ್ ರಿಪೇರಿಯವರ ಲೋಲ್

ಆಲ್ಟರೇಷನ್ ಅಕ್ಕ ಯಾರನ್ನೂ ಸುಲಭಕ್ಕೆ ನಂಬುವ ಪೈಕಿಯವಳಲ್ಲ. ಗಿರಾಕಿ ಪ್ಯಾಂಟು ತಂದು "ಒಗೆದ ಮೇಲೆ ಕುಗ್ಗಿಬಿಟ್ಟಿದೆ" ಅಂದರೆ ಅವಳ ಕಣ್ಣು ನೇರ ಅವನ ಹೊಟ್ಟೆಯ ಮೇಲೆ ಬೀಳುತ್ತದೆ. ಗಂಡ ತೀರಿಕೊಂಡಾಗ "ನಾವಿದ್ದೇವೆ" ಎಂದ ಬಂಧುಗಳೆಲ್ಲ ಆಮೇಲೆ ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದ್ದರು. ಇದ್ದೊಬ್ಬ ಮಗಳನ್ನು ಹೊಲಿಗೆ ಮಿಷನ್ನು ತುಳಿದೇ ದಡ ಸೇರಿಸಿದವಳು. ಅಂಥವಳಿಗೆ ಅನುಮಾನ ಬರದೆ ಇನ್ನೇನು ಬರಬೇಕು?

ಈಚೆಗೆ ಅವಳ ಅನುಮಾನವೆಲ್ಲ ಒಂದು ಪದದ ಮೇಲೆ ಬಂದು ಕೂತಿತ್ತು: ಲೋಲ್. ಅವಳ ಹೊಲಿಗೆ ಅಂಗಡಿ ಮಹಡಿಯ ಮೇಲಿದ್ದರೆ, ಅದೇ ಕಟ್ಟಡದ ಮೆಟ್ಟಿಲ ಕೆಳಗೆ, ಗಾಜಿನ ಗೂಡಂಗಡಿಯಲ್ಲಿ ಕೂರುವ ವಾಚ್ ರಿಪೇರಿಯವರು ಪ್ರತಿ ಮೆಸೇಜಿನ ಕೊನೆಗೂ ಅದನ್ನು ಅಂಟಿಸುತ್ತಿದ್ದರು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. ಎದುರು ಸಿಕ್ಕರೆ ಎರಡು ಮಾತಾಡಲು ತಡಬಡಾಯಿಸುವವರು ಫೋನಿನಲ್ಲಿ ಮಾತ್ರ ನಗೆಯ ಬುಗ್ಗೆ. "ಮಂಡಿ ನೋವು ಲೋಲ್." "ನಿಮ್ಮ ಅಂಗಡಿ ಬಾಗಿಲು ಹಾಕಿತ್ತು, ಹುಷಾರಾಗಿದ್ದೀರಾ ಲೋಲ್."

"ಜೋರಾಗಿ ನಗ್ತಿದೀನಿ ಅಂತ ಅರ್ಥ ಕಣಮ್ಮ," ಎಂದಳು ಬೇರೆ ಊರಲ್ಲಿದ್ದ ಮಗಳು, ಫೋನಿನಲ್ಲಿ.

"ನಂಗೆ ಹುಷಾರಿಲ್ದಿದ್ರೆ ಅವರಿಗ್ಯಾಕೆ ನಗು?"

"ಸುಮ್ನೆ ಹಾಕ್ತಾರಮ್ಮ. ನಾನೂ ಹಾಕಲ್ವಾ?"

ಹಾಕುತ್ತಾಳೆ. ಕೆಲಸ ಹೋದ ದಿನವೂ ಹಾಕಿದ್ದಳು. ಅಕ್ಕನಿಗೆ ಬಗೆಹರಿಯದೆ ಉಳಿದದ್ದೇ ಅದು.

ಆಮೇಲೊಂದು ಸಂಜೆ ಬಂತು: "ನೀವೂ ಒಬ್ಬರೇ, ನಾನೂ ಒಬ್ಬನೇ. ಮದುವೆ ಆಗಿಬಿಡೋಣ್ವಾ ಲೋಲ್."

ಅಕ್ಕ ಅದನ್ನು ಎರಡೆರಡು ಸಲ ಓದಿದಳು. ಬೇಕು ಅನ್ನಿಸಿತು, ಸುಳ್ಳೇಕೆ, ತುಂಬಾ ಬೇಕು ಅನ್ನಿಸಿತು. ಮರುಕ್ಷಣ ಕಣ್ಣು ಆ ಲೋಲ್ ಎಂಬ ಬಾಲದ ಮೇಲೆ ಬಿತ್ತು. ತಾನು ಹೂಂ ಅಂದರೆ ಈ ಮನುಷ್ಯ "ತಮಾಷೆಗೆ ಅಂದೆ" ಎಂದು ಜಾರಿಕೊಳ್ಳಬಹುದು. ಕಟ್ಟಡದವರೆಲ್ಲ ಸೇರಿ ನಗಬಹುದು. ಇದು ಕಚ್ಚಾ ಹೊಲಿಗೆ ಹಾಕಿದ ಹಾಗೆ. ಬೇಡವಾದರೆ ದಾರ ಎಳೆದರಾಯಿತು, ಬಟ್ಟೆಗೆ ಗುರುತೂ ಉಳಿಯದು. ತಾನೇನು ಪೆದ್ದಿಯೇ? ಅವಳೂ "ಆಗಿಬಿಡೋಣ ಲೋಲ್" ಎಂದು ಕಳಿಸಿದಳು.

ಉತ್ತರ ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ. ನನ್ನ ಮೆಸೇಜನ್ನು ಯಾರಿಗೆ ತೋರಿಸಿ ನಗುತ್ತಿದ್ದಾರೋ ನೋಡೇಬಿಡೋಣ ಎಂದು ಅಕ್ಕ ಮೆಟ್ಟಿಲ ತಿರುವಿಗೆ ಇಳಿದು ಬಗ್ಗಿ ನೋಡಿದಳು. ಗೂಡಂಗಡಿಯಲ್ಲಿ ಅವರೊಬ್ಬರೇ. ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿ, ಒಂದೇ ಬೆರಳಲ್ಲಿ ಟೈಪು ಮಾಡುವುದು, ಅಳಿಸುವುದು, ಮತ್ತೆ ಮಾಡುವುದು. ಆಪರೇಷನ್ ಕೋಣೆಯ ಹೊರಗೆ ಕೂತವರ ಮುಖ.

ಅವಳ ಕೈಯಲ್ಲಿದ್ದ ಫೋನು ಗುರ್ ಎಂದಿತು. "ನೀವು ತಮಾಷೆಗೆ ಅಂದಿದ್ದು ಗೊತ್ತಾಯ್ತು. ನಾನೂ ತಮಾಷೆಗೇ ಕೇಳಿದ್ದು ಲೋಲ್."

ಅದನ್ನು ಕಳಿಸಿದವರು ಫೋನನ್ನು ಮಗುಚಿಟ್ಟು, ವಾಚಿನ ಗಾಜು ಒರೆಸುವ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು.

ಅಕ್ಕ ದಡದಡ ಇಳಿದು ಹೋಗಿ ಎದುರು ನಿಂತಳು. "ಎಲ್ಲಿ, ಜೋರಾಗಿ ನಗಿ ನೋಡೋಣ."

ಅವರು ಗಾಬರಿಯಿಂದ ಎದ್ದರು. ಪ್ರಯತ್ನವನ್ನೇನೋ ಮಾಡಿದರು, ತುಟಿ ಅದುರಿತೇ ಹೊರತು ನಗು ಬರಲಿಲ್ಲ.

"ಆಗ್ತಿಲ್ಲ," ಎಂದರು.

"ನಂಗೂ ಆಗ್ಲಿಲ್ಲ." ಅಕ್ಕ ಗಿರಾಕಿಗಳ ಸ್ಟೂಲು ಎಳೆದುಕೊಂಡು ಕೂತಳು. "ಈಗ ಬಾಯಲ್ಲಿ ಕೇಳಿ. ನಾನೆಲ್ಲೂ ಹೋಗಲ್ಲ."

ಅವರು ಬಾಯಿ ಬಿಡುವಷ್ಟರಲ್ಲಿ, ವಾಚು ಹಿಡಿದು ಬಂದ ಇಬ್ಬರು ಗಿರಾಕಿಗಳನ್ನು ಅವಳೇ "ಆಮೇಲೆ ಬನ್ನಿ" ಎಂದು ಸಾಗಹಾಕಬೇಕಾಯಿತು.